ಸ್ವೆಟರ್ ಹೆಣೆಯುವ ಮುನ್ನ ಒಂದು ಮಾದರಿ ತುಂಡು

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿಯೇ ಕುಳಿತು ಸ್ವೆಟರ್, ಕುಲಾವಿ, ಹಸುಗೂಸುಗಳ ಕಾಲುಚೀಲ ಹೆಣೆದುಕೊಡುವುದು ನನ್ನ ಉದ್ಯೋಗ. ದಸರೆ ಮುಗಿಯುತ್ತಿದ್ದಂತೆ ಆರ್ಡರ್‌ಗಳು ಬರತೊಡಗುತ್ತವೆ. ಧನುರ್ಮಾಸ ಹತ್ತಿರವಾದಾಗ, ನಸುಕಿನಲ್ಲಿ ದೇವಸ್ಥಾನಕ್ಕೆ ಹೋಗುವವರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಮಾಡುವ ಹಿರಿಯರೂ ‘ಬೇಗ ಮುಗಿಸಿಕೊಡಿ’ ಎಂದು ಅವಸರಿಸುತ್ತಾರೆ. ಈ ಅವಸರದಲ್ಲಿ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದು ಮಾದರಿ ತುಂಡು. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಆರ್ಡರಿಗೆ ತಂದ ನೂಲಿನಲ್ಲಿ, ಆರ್ಡರಿಗೆ ಬಳಸುವ ಕಡ್ಡಿಗಳಲ್ಲಿ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ಅಳೆದ ಮೇಲೆಯೇ ಕುಣಿಕೆಗಳ, ಅಂದರೆ ಕಡ್ಡಿಯ ಮೇಲೆ ಹಾಕುವ ನೂಲಿನ ಸುತ್ತುಗಳ, ಲೆಕ್ಕ ಹಾಕಬೇಕು, ಬೆಲೆಯನ್ನೂ ಕೊಡುವ ದಿನವನ್ನೂ ಅದಾದ ಮೇಲೆ ಹೇಳಬೇಕು.

ಲೆಕ್ಕವನ್ನು ಬಿಡಿಸಿ ನೋಡಿದರೆ ಇದರ ಅಗತ್ಯ ತಾನಾಗಿಯೇ ತಿಳಿಯುತ್ತದೆ. ಎದೆಸುತ್ತು 90 ಸೆಂಟಿಮೀಟರ್ ಇರುವವರಿಗೆ 10 ಸೆಂಟಿಮೀಟರ್ ಸಡಿಲ ಬಿಟ್ಟು 100 ಸೆಂಟಿಮೀಟರ್ ಸುತ್ತಳತೆಯ ಸ್ವೆಟರ್ ಹೆಣೆಯಬೇಕೆಂದುಕೊಳ್ಳೋಣ. 10 ಸೆಂಟಿಮೀಟರಿಗೆ 22 ಕುಣಿಕೆ ಬರುವ ಕೈಯಾದರೆ 220 ಕುಣಿಕೆ ಸಾಕು. ಅದೇ 220 ಕುಣಿಕೆಯನ್ನು 10 ಸೆಂಟಿಮೀಟರಿಗೆ 20 ಮಾತ್ರ ಬರುವಷ್ಟು ಸಡಿಲವಾಗಿ ಹೆಣೆದರೆ ಸುತ್ತಳತೆ 110 ಸೆಂಟಿಮೀಟರ್ ಆಗಿ ಸ್ವೆಟರ್ ಜೋಲುತ್ತದೆ. 24 ಬರುವಷ್ಟು ಬಿಗಿಯಾದರೆ 92 ಸೆಂಟಿಮೀಟರಿಗೂ ಸಾಲದೆ ಮೈಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಾಣಿಸದಂತಹ ಎರಡು ಕುಣಿಕೆಗಳ ವ್ಯತ್ಯಾಸವು ಉಡುಪಿನಲ್ಲಿ ಇಷ್ಟು ದೊಡ್ಡದಾಗುತ್ತದೆ. ತೋಳುಗಳನ್ನು ಬಿಟ್ಟು ಮೈಭಾಗವೊಂದಕ್ಕೇ 30 ಸಾವಿರಕ್ಕಿಂತ ಹೆಚ್ಚು ಕುಣಿಕೆ ಬೀಳುವ ಕೆಲಸದಲ್ಲಿ ಅದನ್ನು ಬಿಚ್ಚಿ ಮತ್ತೆ ಹೆಣೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ.

ತುಂಡು 10 ಸೆಂಟಿಮೀಟರ್ ಅಗಲವಿದ್ದರೆ ಸಾಲದು, 15 ಆದರೂ ಇರಬೇಕು. ಮಂಡ್ಯದಿಂದ ರೈಲಿನಲ್ಲಿ ಬಂದು ನನ್ನ ಬಳಿ ಕಲಿಯುತ್ತಿರುವ ಹುಡುಗಿ, ‘ಅಕ್ಕ, ಈ ಅಂಚಿಂದ ಆ ಅಂಚಿಗೆ ಟೇಪ್ ಹಿಡಿದರೆ ಆಗಲ್ವಾ?’ ಎಂದು ಕೇಳಿದಳು. ‘ಅಂಚಿನ ಕುಣಿಕೆ ಎಳೆದುಕೊಂಡಿರುತ್ತೆ ಕಣಮ್ಮ, ಅದನ್ನ ನಂಬಬೇಡ, ನಡುವೆ ಎಣಿಸು’ ಎಂದು ತೋರಿಸಿದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ತುಂಡನ್ನು ಟವೆಲ್ಲಿನ ಮೇಲೆ ಎಳೆಯದೆ ಹಾಸಿ, ನಡುಭಾಗದಲ್ಲಿ ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು, 10 ಸೆಂಟಿಮೀಟರಿನ ಎರಡು ತುದಿಗಳಿಗೆ ಗುಂಡುಪಿನ್ನು ಚುಚ್ಚಿ, ಸ್ಕೇಲ್ ತೆಗೆದು ಪಿನ್ನುಗಳ ನಡುವಿನ ಕುಣಿಕೆಗಳನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಎಣಿಸಬೇಕು. ಕೊನೆಯಲ್ಲಿ ಅರ್ಧ ಕುಣಿಕೆ ಬಂದರೆ ಅದನ್ನೂ ಬರೆದುಕೊಳ್ಳಬೇಕು, ಏಕೆಂದರೆ ಅಂತಹ ಅರ್ಧಗಳು ಎದೆಸುತ್ತಿನ ತುಂಬ ಕೂಡುತ್ತಾ ಹೋಗುತ್ತವೆ. ಸಾಲುಗಳನ್ನೂ ಹೀಗೆಯೇ ಸ್ಕೇಲನ್ನು ಉದ್ದಕ್ಕೆ ಇಟ್ಟು ಎಣಿಸಬೇಕು.

ಒಗೆಯದೆ ತೆಗೆದ ಅಳತೆಯನ್ನು ನಾನು ಅಳತೆಯೆಂದು ಒಪ್ಪುವುದಿಲ್ಲ. ನೂಲುವಾಗಲೂ ಹೆಣೆಯುವಾಗಲೂ ಎಳೆಸಿಕೊಂಡ ಉಣ್ಣೆಯ ಎಳೆ ನೀರು ಬಿದ್ದಾಗ ಸಡಿಲಗೊಂಡು ತನ್ನ ನಿಜವಾದ ಅಳತೆಗೆ ಬರುತ್ತದೆ. ಉಗುರುಬೆಚ್ಚಗೂ ಅಲ್ಲದ ತಣ್ಣೀರಿನಲ್ಲಿ, ಮೃದುವಾದ ಸೋಪಿನ ದ್ರಾವಣ ಹಾಕಿ, ಉಜ್ಜದೆ ಹಿಂಡದೆ ಅದ್ದಿ ತೆಗೆಯಬೇಕು. ಉಣ್ಣೆಯ ಎಳೆಯ ಮೈಮೇಲೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಂದಿನಂತಾಗುವುದಿಲ್ಲ. ನೀರು ಹೋಗಿಸಲು ತುಂಡನ್ನು ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿದರೆ ಸಾಕು, ಅನಂತರ ನೆರಳಿನಲ್ಲಿ ಚಪ್ಪಟೆಯಾಗಿ ಹಾಸಬೇಕು. ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಆದ್ದರಿಂದ ಚಳಿಗಾಲದ ಸಂಜೆ ಮುಟ್ಟಿ ನೋಡಿ ‘ಒಣಗಿದೆ’ ಎಂದು ತೀರ್ಮಾನಿಸದೆ ಮರುದಿನದ ಬಿಸಿಲೇರುವವರೆಗೆ ಕಾಯುವುದು ಒಳ್ಳೆಯದು.

ಲೇಬಲ್ ಇಲ್ಲದ ಉಂಡೆಯನ್ನು ಗಿರಾಕಿಗಳೇ ತಂದುಕೊಟ್ಟಾಗ ಅದು ಉಣ್ಣೆಯೋ, ಕೃತಕ ನೂಲಾದ ಅಕ್ರಿಲಿಕ್ಕೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಒಂದು ಗೇಣುದ್ದದ ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿಯಿಂದ ಆಚೆ ತೆಗೆದೊಡನೆ ಆರುತ್ತದೆ, ಉಳಿದ ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿಯಾದ ಕರಿಗುಂಡು ಉಳಿಯುತ್ತದೆ. ಅಕ್ರಿಲಿಕ್ ಕೀಳೆಂದು ನಾನು ಹೇಳುವುದಿಲ್ಲ. ದಿನವೂ ಒಗೆಯಬೇಕಾದ ಮಗುವಿನ ಬಟ್ಟೆಗೆ ಅದೇ ಅನುಕೂಲ, ಆದರೆ ಅದಕ್ಕೆ ಬಿಸಿ ಇಸ್ತ್ರಿ ತಾಗಿಸಿದರೆ ಎಳೆದು ಬಿಟ್ಟಾಗ ಮತ್ತೆ ಮೊದಲಿನಂತಾಗುವ ಗುಣ ಸತ್ತುಹೋಗುತ್ತದೆ. ನಮ್ಮ ಸೀಮೆಯ ಬನ್ನೂರು ಕುರಿಯ ಉಣ್ಣೆಯಲ್ಲಿ ಹೆಣೆದುಕೊಡಿ ಎಂದು ಅಭಿಮಾನದಿಂದ ಕೇಳುವವರಿದ್ದಾರೆ. ಆ ತಳಿ ಹೆಸರಾಗಿರುವುದು ಮಾಂಸಕ್ಕೆ. ಅದರ ಮೈಗೂದಲು ಒರಟು, ಕುತ್ತಿಗೆಗೆ ತಾಗುವ ಉಡುಪಿಗೆ ಅದು ಒಗ್ಗುವುದಿಲ್ಲ.

ಚಳಿಯೂ ಅಳತೆಯನ್ನು ಬದಲಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಬೆಳಗಿನ ಹೊತ್ತು 15 ಡಿಗ್ರಿಯ ಆಸುಪಾಸಿಗೆ ಇಳಿದರೂ ಮಧ್ಯಾಹ್ನ 28 ಡಿಗ್ರಿಯ ಹತ್ತಿರ ಬರುತ್ತದೆ. ಬೆರಳು ಮರಗಟ್ಟಿದ ಮುಂಜಾವಿನಲ್ಲಿ ನನ್ನ ಕೈ ಬಿಗಿ, ಊಟವಾದ ಮೇಲೆ ಸಡಿಲ. ಒಂದೇ ಬೆನ್ನುಭಾಗವನ್ನು ಈ ಎರಡು ಹೊತ್ತಿನಲ್ಲಿ ಹೆಣೆದರೆ ಬಣ್ಣದಲ್ಲಿ ಪಟ್ಟೆ ಬಿದ್ದಂತೆ ಸಾಲುಗಳು ಬೇರೆಯಾಗಿ ಕಾಣುತ್ತವೆ. ಆದ್ದರಿಂದ ಬೆಳಗ್ಗೆ ಉಂಡೆ ಸುತ್ತುವುದು, ಗುಂಡಿ ಹಚ್ಚುವುದು, ಹಣದ ಲೆಕ್ಕ ಬರೆಯುವುದು ಇಟ್ಟುಕೊಂಡು, ಬಿಸಿಲು ಪಡಸಾಲೆಗೆ ಬಂದ ಮೇಲೆ ಹೆಣಿಗೆಗೆ ಕೂರುತ್ತೇನೆ. ಮಾದರಿ ತುಂಡನ್ನೂ ಅದೇ ಹೊತ್ತಿನಲ್ಲಿ ಹೆಣೆಯುತ್ತೇನೆ. ಇದೇ ಹವೆಯ ಕಾರಣಕ್ಕೆ, ದಪ್ಪ ಉಣ್ಣೆಯ ಪೂರ್ತಿ ತೋಳಿನ ಸ್ವೆಟರ್ ಕೇಳುವವರಿಗೆ ತೆಳು ನೂಲಿನ, ಮುಂದೆ ಗುಂಡಿಯಿರುವ ಸ್ವೆಟರನ್ನು ಸೂಚಿಸುತ್ತೇನೆ; ಹತ್ತು ಗಂಟೆಯ ಮೇಲೆ ಅದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಳ್ಳಲು ಸುಲಭ.

ಕಡ್ಡಿಯ ನಂಬರಿನ ಬಗ್ಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಸಿಗುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ತೆಳು: 8ನೇ ನಂಬರ್ 4 ಮಿಲಿಮೀಟರ್, 10ನೇ ನಂಬರ್ 3.25 ಮಿಲಿಮೀಟರ್. ಅಮೆರಿಕದ ಲೆಕ್ಕ ಇದಕ್ಕೆ ತಿರುಗುಮುರುಗು, ಅಲ್ಲಿಯ 8 ಎಂದರೆ 5 ಮಿಲಿಮೀಟರ್. ಮೊಬೈಲಿನಲ್ಲಿ ನೋಡಿದ ವಿನ್ಯಾಸವನ್ನು ಹೆಣೆಯುವವರು ನಂಬರನ್ನು ಬಿಟ್ಟು ಮಿಲಿಮೀಟರನ್ನೇ ಹಿಡಿಯಬೇಕು.

ಈ ತುಂಡಿಗೆ ಹಿಡಿಯುವ ನೂಲು, ಒಣಗಲು ಬೇಕಾದ ದಿನ ಎರಡನ್ನೂ ನಾನು ಬೆಲೆಯಲ್ಲಿ ಸೇರಿಸುತ್ತೇನೆ, ಗಿರಾಕಿಗೆ ಅದನ್ನು ಮೊದಲೇ ತಿಳಿಸುತ್ತೇನೆ. ತುಂಡನ್ನು ಅವರ ಕೈಗೆ ಕೊಟ್ಟು, ಕುತ್ತಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ಹೇಳಿದರೆ, ಚುಚ್ಚುವುದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ಚುಚ್ಚಿದರೆ ನೂಲು ಬದಲಿಸಲು ಇನ್ನೂ ಅವಕಾಶವಿರುತ್ತದೆ. ಕೆಲಸ ಮುಗಿದ ಮೇಲೆ ಆ ತುಂಡಿಗೆ ಉಂಡೆಯ ಲೇಬಲ್, ಬಣ್ಣದ ಲಾಟ್ ನಂಬರ್ (ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲಿನ ಗುರುತು), ಕಡ್ಡಿಯ ಅಳತೆ, ಒಗೆದ ನಂತರದ ಕುಣಿಕೆ ಮತ್ತು ಸಾಲುಗಳ ಸಂಖ್ಯೆ ಬರೆದ ಚೀಟಿ ಸೇರಿಸಿ, ಉಳಿದ ಒಂದು ಮಾರು ನೂಲಿನೊಂದಿಗೆ ಕವರಿನಲ್ಲಿ ಹಾಕಿ ಗಿರಾಕಿಯ ಹೆಸರಿನಲ್ಲಿ ಇಡುತ್ತೇನೆ. ಮೊಣಕೈ ಸವೆದು ತೂತಾದ ಸ್ವೆಟರ್ ರಿಪೇರಿಗೆ ಬಂದಾಗಲೂ, ಅದೇ ಮಗುವಿಗೆ ಒಂದಳತೆ ದೊಡ್ಡದು ಹೆಣೆಯಬೇಕಾದಾಗಲೂ ಆ ಕವರ್ ತೆಗೆದರೆ ಕೆಲಸ ನೇರವಾಗಿ ಆರಂಭವಾಗುತ್ತದೆ.