ಓದಿನ ವಹಿ ಮುಚ್ಚುವ ಮುನ್ನ

ಡಿಸೆಂಬರ್ 31, 2024, ಮಂಗಳವಾರ

ಎರಡು ದಿನದಿಂದ ಫೇಸ್‌ಬುಕ್ಕಿನ ತುಂಬ ಪುಸ್ತಕದ ಅಟ್ಟಿಗಳದೇ ಫೋಟೊ, ಕೆಳಗೆ ಈ ವರ್ಷ ಓದಿ ಮುಗಿಸಿದ ಪುಸ್ತಕಗಳ ಸಂಖ್ಯೆ. ಸಂಖ್ಯೆ ಹಾಕಿಕೊಳ್ಳಲಿ, ಬೇಡ ಅನ್ನುವುದಕ್ಕೆ ನಾವ್ಯಾರು? ಆದರೆ ತೊಂಬತ್ತು ಪುಟದ ಕವನ ಸಂಕಲನವೂ ಅಲ್ಲಿ ಒಂದೇ, ಏಳುನೂರು ಪುಟದ ಕಾದಂಬರಿಯೂ ಒಂದೇ. ವರ್ಷಕ್ಕೆ ಇಂತಿಷ್ಟು ಅಂತ ಗುರಿ ಇಟ್ಟುಕೊಂಡವರ ಪಟ್ಟಿ ತೆಗೆದು ನೋಡಿ, ದೀಪಾವಳಿ ಕಳೆದ ಮೇಲೆ ಪುಸ್ತಕಗಳು ತೆಳ್ಳಗಾಗುತ್ತಾ ಬಂದಿರುತ್ತವೆ.

ಪುಟ ಎಣಿಸಿದರೂ ಪೂರ್ತಿ ಸರಿಹೋಗುವುದಿಲ್ಲ. ಕನ್ನಡ ಪುಸ್ತಕಗಳಲ್ಲಿ ಶೀರ್ಷಿಕೆ ಪುಟದ ಹಿಂಬದಿಗೆ ಆಕಾರ, ಕಾಗದ ಎರಡನ್ನೂ ನಮೂದಿಸುವ ಒಳ್ಳೆಯ ರೂಢಿಯಿದೆ: 1/8 ಡೆಮಿ, 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದ, ಹೀಗೆ. 1/8 ಡೆಮಿ ಅಂದರೆ ಸುಮಾರು ಐದೂವರೆಗೆ ಎಂಟೂವರೆ ಇಂಚು. 1/8 ಕ್ರೌನ್ ಆದರೆ ಐದಕ್ಕೆ ಏಳೂವರೆ. ಡೆಮಿ ಹಾಳೆ ಹೆಚ್ಚುಕಡಿಮೆ ಕಾಲು ಭಾಗ ದೊಡ್ಡದು. ಹಾಗಾಗಿ ಹಳೆಯ ಕ್ರೌನ್ ಮುದ್ರಣದ ಐನೂರು ಪುಟ, ಅದೇ ಅಳತೆಯ ಅಕ್ಷರದಲ್ಲಿ ಡೆಮಿಗೆ ಬಂದರೆ ನಾನೂರರ ಆಸುಪಾಸಿಗೆ ಇಳಿಯುತ್ತದೆ. ಕಾಗದ ದಪ್ಪವಾದರೆ ಪುಸ್ತಕ ಊದಿಕೊಳ್ಳುತ್ತದೆಯೇ ಹೊರತು ಓದು ಹೆಚ್ಚಾಗುವುದಿಲ್ಲ. ಓದಿದ್ದನ್ನು ಬರೆದಿಡುವ ವಹಿಯಲ್ಲಿ ಪುಟಸಂಖ್ಯೆ ಬರೆದಾಗಲೆಲ್ಲ ಎಷ್ಟನೇ ಮುದ್ರಣ, ಯಾವ ವರ್ಷ ಅಂತಲೂ ಬರೆದಿರಬೇಕು. ಇಲ್ಲದಿದ್ದರೆ ಗುರುತು ಹಾಕಿದ ಸಾಲು ಬೇರೆ ಪ್ರತಿಯಲ್ಲಿ ಸಿಗುವುದಿಲ್ಲ.

ವಹಿಗೆ ಏಳು ಕಲಂ ಸಾಕು: ಶುರುವಾದ ದಿನ, ಪುಸ್ತಕ ಮತ್ತು ಮುದ್ರಣ, ಎಲ್ಲಿಂದ ಬಂತು, ಮುಗಿದ ಅಥವಾ ನಿಂತ ದಿನ, ನಿಂತ ಪುಟ, ನಿಂತದ್ದಕ್ಕೆ ಕಾರಣ, ಕೊನೆಗೆ ಒಂದು ಸಾಲಿನ ಟಿಪ್ಪಣಿ. ಐದಕ್ಕೆ ಎಷ್ಟು ನಕ್ಷತ್ರ ಅನ್ನುವ ಕಲಂ ದಂಡ. ಜೂನ್‌ನಲ್ಲಿ ಕೊಟ್ಟ ನಾಲ್ಕು ನಕ್ಷತ್ರ ಯಾತಕ್ಕೆ ಅಂತ ಡಿಸೆಂಬರ್‌ನಲ್ಲಿ ಯಾರಿಗೂ ನೆನಪಿರುವುದಿಲ್ಲ.

ವರ್ಷದ ಕೊನೆಗೆ ಓದಬೇಕಾದದ್ದು ಆರನೇ ಕಲಂ. ಎರಡೇ ಪದದಲ್ಲಿ ಬರೆದಿದ್ದರೂ ಸಾಕು: 'ಹೆಸರು ಗೊಂದಲ', 'ಭಾಷೆ ಕಷ್ಟ', 'ಅಕ್ಷರ ಸಣ್ಣ', 'ವಾಪಸ್ ಕೊಡಬೇಕಾಯಿತು', 'ಸಾಕೆನಿಸಿತು'. ಇವುಗಳಲ್ಲಿ ಪುಸ್ತಕದ ಬಗ್ಗೆ ತೀರ್ಪು ಅನ್ನಬಹುದಾದದ್ದು ಕೊನೆಯದೊಂದೇ. ಮಿಕ್ಕ ನಾಲ್ಕಕ್ಕೂ ಮದ್ದಿದೆ, ಅದರಲ್ಲೂ ಮೊದಲೆರಡಕ್ಕೆ.

ಹೆಸರು ಗೊಂದಲಕ್ಕೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಒಳ್ಳೆಯ ಪರೀಕ್ಷೆ. ನಿಂತವರಲ್ಲಿ ಬಹಳಷ್ಟು ಜನ ಮೊದಲ ನೂರು ಪುಟದೊಳಗೇ ನಿಂತಿರುತ್ತಾರೆ. ಪಾತ್ರಗಳ ಪಟ್ಟಿಯನ್ನು ಅಕಾರಾದಿಯಾಗಿ ಬರೆದುಕೊಂಡರೆ ಪ್ರಯೋಜನವಿಲ್ಲ, ಯಾಕೆಂದರೆ ಅಲ್ಲಿ ಮನುಷ್ಯರು ಮನೆಯ ಹೆಸರಿಗೆ ಕಟ್ಟಿಕೊಂಡಿದ್ದಾರೆ. ಅರ್ಧ ಹಾಳೆಯಲ್ಲಿ ಮನೆಗಳನ್ನೇ ಚೌಕಗಳಾಗಿ ಬರೆಯಿರಿ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಪ್ರತಿ ಚೌಕದಲ್ಲಿ ಮೇಲೆ ಯಜಮಾನ, ನಡುವೆ ಮನೆಮಂದಿ, ಕೆಳಗೆ ಆಳುಕಾಳು. ಸಿಂಬಾವಿಯಲ್ಲಿ ಭರಮೈ ಹೆಗ್ಗಡೆ, ಕೆಳಗೆ ಗುತ್ತಿ, ಅವನ ಪಕ್ಕದಲ್ಲೇ ಹುಲಿಯ. ನಾಯಿಯಾದರೂ ಅವನನ್ನು ಬಿಡುವಂತಿಲ್ಲ. ಬೆಟ್ಟಳ್ಳಿಯ ಕೆಳಗೆ ತಿಮ್ಮಿ. ಹೂವಳ್ಳಿಯಲ್ಲಿ ವೆಂಕಟಣ್ಣ, ಚಿನ್ನಮ್ಮ, ಜೊತೆಗೆ ನಾಗತ್ತೆ, ನಾಗಕ್ಕ. ಈ ಇಬ್ಬರು ಅತ್ತೆ ಸೊಸೆ ಅಂತ ಅಲ್ಲೇ ಬರೆದಿಟ್ಟುಕೊಳ್ಳದಿದ್ದರೆ ಇಪ್ಪತ್ತು ಪುಟ ದಾಟುವಷ್ಟರಲ್ಲಿ ಒಬ್ಬರೇ ಆಗಿಬಿಡುತ್ತಾರೆ. ಯಾರಾದರೂ ಒಂದು ಮನೆಯಿಂದ ಇನ್ನೊಂದಕ್ಕೆ ಹೊರಟಾಗ ಬಾಣದ ಗೆರೆ ಎಳೆಯಿರಿ. ಕಥೆ ಹೆಚ್ಚಾಗಿ ನಡೆಯುವುದೇ ಹೀಗೆ ಕಾಡುದಾರಿಯಲ್ಲಿ ಹೋಗಿಬರುವವರಿಂದ. ಯಾವ ಮನೆಯವರೆಂದು ಗೊತ್ತಾಗದವರು ಮೂಲೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಜೊತೆ ಕಾದಿರಲಿ. ನೂರೈವತ್ತು ಪುಟ ಆದಮೇಲೆ ಆ ಹಾಳೆಯ ಕಡೆ ಕೈ ಹೋಗುವುದೇ ಅಪರೂಪ.

'ಭಾಷೆ ಕಷ್ಟ' ಅಂತ ಬರೆದಿಟ್ಟ ಕಡೆ ಹೆಚ್ಚಾಗಿ ಕುಮಾರವ್ಯಾಸ ಇರುತ್ತಾನೆ. ಅಲ್ಲಿ ಕಷ್ಟ ಪದಗಳದ್ದಕ್ಕಿಂತ ಸಾಲಿನ ತುದಿಯದ್ದು. ಅವನ ಭಾರತ ಇರುವುದು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ. ಅದರ 1, 2, 4, 5ನೇ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆ, ಅಂದರೆ ಉಚ್ಚಾರದ ಕಾಲದ ಅಳತೆ. 3 ಮತ್ತು 6ರಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಮೊದಲ ಪದ್ಯವನ್ನೇ ನೋಡಿ: 'ಶ್ರೀವನಿತೆಯರಸನೆ ವಿಮಲ ರಾ' ಅಂತ ಸಾಲು ಮುಗಿಯುತ್ತದೆ, 'ಜೀವ ಪೀಠನ ಪಿತನೆ' ಅಂತ ಮುಂದಿನದು ಶುರುವಾಗುತ್ತದೆ. ಪ್ರಾಸಕ್ಕಾಗಿ ಪ್ರತಿ ಸಾಲಿನ ಎರಡನೇ ಅಕ್ಷರ 'ವ' ಆಗಲೇಬೇಕು, ಅದಕ್ಕೇ ತಾವರೆ ಎಂಬ ಅರ್ಥದ 'ರಾಜೀವ' ನಡುವೆ ತುಂಡಾಗಿದೆ. ಗದ್ಯದ ಅಭ್ಯಾಸದಲ್ಲಿ ಸಾಲಿನ ಕೊನೆಗೆ ಉಸಿರು ನಿಲ್ಲಿಸಿದವರಿಗೆ 'ರಾ' ಅಂದರೇನು ಅಂತ ತಿಳಿಯದೆ ಪುಸ್ತಕ ಮಡಚುವ ಹಾಗಾಗುತ್ತದೆ.

ದಾರಿ ಇಷ್ಟು. ಮೊದಲು ಅರ್ಥದ ಗೊಡವೆ ಬಿಟ್ಟು, ತಾಳ ಹಾಕಿಕೊಂಡು ಗಟ್ಟಿಯಾಗಿ ಓದುವುದು. ಎರಡನೇ ಸಲ ಪೆನ್ಸಿಲ್ಲಿನಲ್ಲಿ ಪದಗಳ ನಡುವೆ ಸಣ್ಣ ಗೀಟು. ಸಾಲು ದಾಟಿದ ಪದಕ್ಕೆ ಕೆಳಗಿನಿಂದ ಕೊಂಡಿ. ಮೂರನೇ ಸಲ ನಿಘಂಟು. ಈ ಕ್ರಮ ತಿರುಗಾಮುರುಗಾ ಆದರೆ ಸಂಧಿ ಬಿಡಿಸದ ಪದವನ್ನು ಹುಡುಕಿ ಸುಸ್ತಾಗುವುದೇ ಆಗುತ್ತದೆ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಎದುರಿಗಿದ್ದರೂ ಅಷ್ಟೇ. ದಿನಕ್ಕೆ ಐದು ಪದ್ಯ ಸಾಕು. ಪೀಠಿಕೆಯಿಂದಲೇ ಶುರುಮಾಡಬೇಕೆಂಬ ಹಟವೂ ಬೇಡ. ವಿರಾಟಪರ್ವದ ಉತ್ತರಕುಮಾರನ ಪ್ರಸಂಗ ಗೊತ್ತಿರುವ ಕಥೆ, ನಗು ಬರುವ ಕಥೆ. ಕಥೆ ಗೊತ್ತಿದ್ದರೆ ಅರ್ಧ ಪದಗಳು ತಾವೇ ಬಿಚ್ಚಿಕೊಳ್ಳುತ್ತವೆ.

ಅಕ್ಷರ ಸಣ್ಣದಾದರೆ ಬೇರೆ ಮುದ್ರಣ ಹುಡುಕಬೇಕು, ಇಲ್ಲವೇ ಸ್ಕ್ಯಾನ್ ಪ್ರತಿ. ಇಂಟರ್ನೆಟ್ ಆರ್ಕೈವ್ (archive.org) ತಾಣದಲ್ಲಿ ಕನ್ನಡದ ಹಳೆಯ ಪುಸ್ತಕಗಳು ಬೇಕಾದಷ್ಟಿವೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಹೇಗೋ ಬರೆದಿರುವುದರಿಂದ ಎರಡು ಮೂರು ಕಾಗುಣಿತದಲ್ಲಿ ಹುಡುಕಿ. ಓದಲು ಕೂರುವ ಮೊದಲು ಕೊನೆಯ ಪುಟ ತೆರೆದು, ಅಚ್ಚಾದ ಪುಟಸಂಖ್ಯೆಗೂ ಕಡತದ ಪುಟಸಂಖ್ಯೆಗೂ ಎಷ್ಟು ಅಂತರ ಅಂತ ನೋಡಿ. ನಡುವೆ ನಾಲ್ಕಾರು ಕಡೆಯೂ ಅದೇ ಅಂತರ ಬಂದರೆ ಸರಿ. ಬದಲಾದರೆ ಹಾಳೆ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಸ್ಕ್ಯಾನ್ ಆಗಿದೆ. ಪತ್ತೇದಾರಿ ಕಾದಂಬರಿಯ ಕೊನೆಗೆ ಇದು ಗೊತ್ತಾದರೆ ಯಾರನ್ನು ಬೈಯುವುದು?

ವಿಶೇಷಾಂಕದ ಕಥೆ, ಮಾಸಪತ್ರಿಕೆಯ ದೀರ್ಘ ಲೇಖನಗಳಿಗೆ ವಹಿಯ ಹಿಂಬದಿಯಲ್ಲಿ ಎರಡು ಹಾಳೆ ಬಿಟ್ಟಿರಿ. ಪುಸ್ತಕವಲ್ಲ ಅಂತ ಇವನ್ನು ಬಿಟ್ಟವರ ಪಟ್ಟಿಯಲ್ಲಿ ಸಣ್ಣಕಥೆಯೇ ಕಾಣಿಸುವುದಿಲ್ಲ.

ಇನ್ನು ಹೊಸ ವಹಿ. 'ಸಾಕೆನಿಸಿತು' ಅಂದದ್ದು ಇನ್ನೊಬ್ಬರಿಗೆ ಹೋಗಲಿ. ಮದ್ದಿರುವ ಕಾರಣಕ್ಕೆ ನಿಂತವುಗಳಲ್ಲಿ ಐದನ್ನು ಮಾತ್ರ ಮೊದಲ ಪುಟಕ್ಕೆ ತನ್ನಿ, ಪಕ್ಕದಲ್ಲಿ ನಿಂತ ಪುಟ ಮತ್ತು ಮಾಡಬೇಕಾದ ಮದ್ದು. ಐದಕ್ಕಿಂತ ಹೆಚ್ಚಾದರೆ ಜನವರಿ ತುಂಬ ಹಳೆ ಸಾಲ ತೀರಿಸುವುದೇ ಆಗುತ್ತದೆ. ದೊಡ್ಡ ಕಾದಂಬರಿಯಾದರೆ ಅಲ್ಲಿಯವರೆಗಿನ ಕಥೆಯನ್ನು ಮೂರು ವಾಕ್ಯದಲ್ಲಿ ಚೀಟಿಯ ಮೇಲೆ ಬರೆದು ನಿಂತ ಪುಟದಲ್ಲೇ ಇಡಿ. ಎರಡು ತಿಂಗಳು ಬಿಟ್ಟಮೇಲೆ ಮೊದಲಿಂದ ಓದುವ ಕೆಲಸ ಅದರಿಂದ ತಪ್ಪುತ್ತದೆ. ಅಂಟಿಸಬೇಡಿ, ಕ್ಲಿಪ್ಪೂ ಹಾಕಬೇಡಿ. ಮಳೆಗಾಲಕ್ಕೆ ತುಕ್ಕು ಹಿಡಿದು ನಾಲ್ಕು ಹಾಳೆಯ ಆಚೆಗೂ ಕಲೆ ಇಳಿಯುತ್ತದೆ.