ಅಕ್ಕನ ಹಾಡು, ನನ್ನ ಮೃದಂಗ, ನಡುವೆ 230 ಮಿಲಿಸೆಕೆಂಡ್

ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ರವೆ ಡಬ್ಬಿಯ ಮುಚ್ಚಳ ತೆಗೆಯುವುದು ಮೊದಲು ಮೃದಂಗಕ್ಕೆ, ಆಮೇಲೆ ಉಪ್ಪಿಟ್ಟಿಗೆ. ಒಂದು ಚಮಚ ಸಣ್ಣ ರವೆಗೆ ನೀರು ಚಿಮುಕಿಸಿ, ಬೆರಳಲ್ಲೇ ನಾದಿ, ಎಡಗಡೆಯ ಚರ್ಮದ ನಡುವೆ ಪುಟ್ಟ ರೊಟ್ಟಿಯ ಹಾಗೆ ತಟ್ಟುತ್ತೇನೆ. ಜಾಸ್ತಿ ಆದರೆ ನಾದ ಮಂಕಾಗುತ್ತದೆ. ಕಮ್ಮಿ ಆದರೆ ಗುಮ್ಕಿ, ಅಂದರೆ ಎಡಗಡೆಯ ಗುಂಯ್ ಅನ್ನುವ ನಾದ, ಏಳುವುದೇ ಇಲ್ಲ. ಬೇಸಿಗೆಯಲ್ಲಿ ಅದು ಬೇಗ ಒಣಗಿ ಬಿರುಕು ಬಿಡುತ್ತದೆ. ಅದಕ್ಕೇ ಪಕ್ಕದಲ್ಲೊಂದು ಲೋಟ ನೀರು ಇಟ್ಟುಕೊಂಡು, ಆಗಾಗ ಒದ್ದೆ ಬೆರಳು ಆಡಿಸುತ್ತಿರಬೇಕು.

ಏಳೂವರೆಗೆ ನ್ಯೂಜೆರ್ಸಿಯಿಂದ ಅಕ್ಕ ಫೋನ್ ಮಾಡುತ್ತಾಳೆ. ಚಳಿಗಾಲದಲ್ಲಿ ಅಲ್ಲಿ ಆಗ ಶನಿವಾರ ರಾತ್ರಿ ಒಂಬತ್ತು.

ನಾನು ನೆಟ್‌ವರ್ಕ್ ಎಂಜಿನಿಯರ್. ಬೆಂಗಳೂರಿಗೆ ಬಂದು 14 ವರ್ಷ ಆಯಿತು. ಯಾವ ಲಿಂಕ್ ನಿಧಾನ, ಯಾಕೆ ನಿಧಾನ, ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಎಲ್ಲಿ ಕಾಯುತ್ತಿದೆ ಅಂತ ನೋಡುವುದೇ ನನ್ನ ಕೆಲಸ. ಹಾಸನದ ಮನೆಯಲ್ಲಿ ಅಕ್ಕ ಹಾಡು ಕಲಿತಳು, ನಾನು ಮೃದಂಗ. ಹೆಣ್ಣುಹುಡುಗಿಗೆ ಮೃದಂಗ ಯಾಕೆ ಅಂತ ಕೇಳಿದವರಿಗೆಲ್ಲ ನಮ್ಮ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: "ಒಂದು ಸಲ ಅವಳ ಎಡಗೈ ಕೇಳಿ ನೋಡಿ."

2020ರ ಲಾಕ್‌ಡೌನ್‌ನಲ್ಲಿ ನಾವಿಬ್ಬರೂ ವೀಡಿಯೊ ಕಾಲ್‌ನಲ್ಲಿ ಒಟ್ಟಿಗೆ ಕೂತೆವು. ಮೊದಲ ದಿನ ಅಕ್ಕ ತಂಬೂರಿ ಹಾಕಿಕೊಂಡು ಷಡ್ಜ ಹಿಡಿದಳು. ನಾಲ್ಕೈದು ಸೆಕೆಂಡ್ ಕೇಳಿಸಿದ ತಂಬೂರಿ ಹಾಗೇ ಮಾಯವಾಯಿತು. ಅವಳ ಕೋಣೆಯಲ್ಲಿ ಅದು ಮೊಳಗುತ್ತಲೇ ಇತ್ತು. ಕಾಲ್‌ನ ಸಾಫ್ಟ್‌ವೇರ್ ಮಾತಿಗಾಗಿ ಮಾಡಿದ್ದು ಅಲ್ವಾ? ಏರಿಳಿತ ಇಲ್ಲದೆ ಒಂದೇ ಸಮ ಬರುವ ಸದ್ದನ್ನು ಅದು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ. ನನ್ನ ಮೃದಂಗದ ಪೆಟ್ಟುಗಳನ್ನೂ ಯಾರೋ ಬಾಗಿಲು ಬಡಿದ ಹಾಗೆ ಅರ್ಧಕ್ಕರ್ಧ ನುಂಗಿತು. ಸೆಟ್ಟಿಂಗ್ಸ್ ಹುಡುಕಿ ಆ ಸೋಸುವಿಕೆಯನ್ನು ಆಫ್ ಮಾಡಿದ ಮೇಲೆ ಇಬ್ಬರ ನಾದವೂ ಇದ್ದ ಹಾಗೇ ಬಂತು. ಮನೆಯಿಂದ ಸಂಗೀತ ಪಾಠ ಮಾಡುವವರು ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ. ಮಗು ಶ್ರುತಿ ಬಿಡುತ್ತಿದೆ ಅಂತ ಬೈಯುವ ಮೊದಲು, ಅದಕ್ಕೆ ಶ್ರುತಿ ಕೇಳಿಸುತ್ತಿದೆಯಾ ಅಂತ ಕೇಳಿ.

ನಾದ ಸರಿಹೋಯಿತು, ತಾಳ ಸರಿಹೋಗಲಿಲ್ಲ. ಅಕ್ಕ ಒಂದು ದೇವರನಾಮ ಎತ್ತಿಕೊಂಡಳು. ಆದಿತಾಳ, ಚುರುಕಾದ ನಡೆ. ಪಲ್ಲವಿ ಮುಗಿಯುವ ಹೊತ್ತಿಗೇ ಭಾರ ಎಳೆಯುತ್ತಿರುವ ಹಾಗೆ ಅನ್ನಿಸತೊಡಗಿತು. ಚರಣಕ್ಕೆ ಬರುವಷ್ಟರಲ್ಲಿ ಹಾಡು ತೆವಳುತ್ತಿತ್ತು. "ಯಾಕೆ ಎಳೀತಿದ್ದೀಯೇ?" ಅಂದಳು ಅಕ್ಕ. ನಾನೂ ಅದನ್ನೇ ಕೇಳಬೇಕು ಅಂತಿದ್ದೆ.

ಆ ರಾತ್ರಿ ಲೆಕ್ಕ ಹಾಕಿದೆ. ಅಕ್ಕನ ಮನೆಯ ರೌಟರ್‌ಗೆ ಪಿಂಗ್ ಮಾಡಿದರೆ, ಅಂದರೆ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರಕ್ಕೆ ಕಾದರೆ, ಹೋಗಿ ಬರಲು 230 ಮಿಲಿಸೆಕೆಂಡ್. ನಿಮಿಷಕ್ಕೆ 80 ಎಣಿಕೆಯ ವೇಗದಲ್ಲಿ ತಾಳದ ಒಂದು ಎಣಿಕೆಗೆ 750 ಮಿಲಿಸೆಕೆಂಡ್. ಅದರೊಳಗೆ ತ-ಕ-ದಿ-ಮಿ ನಾಲ್ಕು ಅಕ್ಷರ, ಒಂದೊಂದಕ್ಕೆ ಸುಮಾರು 190. ಅಂದರೆ ಅವಳು 'ತ' ಹಾಡಿದ್ದಕ್ಕೆ ನಾನು ಅಲ್ಲೇ 'ತ' ನುಡಿಸಿದರೂ, ಅದು ಅವಳ ಕಿವಿ ತಲುಪುವಾಗ ಅವಳು 'ಕ' ಶುರು ಮಾಡಿರುತ್ತಾಳೆ. ನಾನು ಹಿಂದೆ ಬಿದ್ದೆ ಅಂದುಕೊಂಡು ಅವಳು ನನಗಾಗಿ ತಡೆಯುತ್ತಾಳೆ. ಅವಳು ತಡೆದಿದ್ದು ಕೇಳಿ ನಾನೂ ತಡೆಯುತ್ತೇನೆ. ಇಬ್ಬರೂ ಒಬ್ಬರಿಗೊಬ್ಬರು ಸೋಲುತ್ತಾ ಹೋಗುತ್ತೇವೆ.

ಇದು ಒಳ್ಳೇ ಇಂಟರ್ನೆಟ್ ಹಾಕಿಸಿಕೊಂಡರೆ ಹೋಗುವ ತೊಂದರೆ ಅಲ್ಲ. ಇಲ್ಲಿಂದ ಅಲ್ಲಿಗೆ 13 ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನೆಟ್ಟಗೆ ಗೆರೆ ಎಳೆದ ಹಾಗೆ ಕೇಬಲ್ ಇದ್ದರೂ ಬರೀ ಹೋಗುವುದಕ್ಕೇ 65 ಮಿಲಿಸೆಕೆಂಡ್ ಬೇಕು. ಕೇಬಲ್‌ಗಳು ನೆಟ್ಟಗೆ ಇಲ್ಲ, ಸಮುದ್ರದ ತಳದಲ್ಲಿ ಸುತ್ತಿ ಬಳಸಿ ಹೋಗುತ್ತವೆ. ವೇದಿಕೆಯ ಮೇಲೆ ಗಾಯಕಿಯಿಂದ ಒಂದು ಮೀಟರ್ ದೂರ ಕೂತರೆ ಅವಳ ದನಿ 3 ಮಿಲಿಸೆಕೆಂಡ್‌ನಲ್ಲಿ ನನ್ನನ್ನು ಮುಟ್ಟುತ್ತದೆ. ಮೈಕ್ ಇಲ್ಲದ ಕಛೇರಿಯಲ್ಲಿ 34 ಮೀಟರ್ ಹಿಂದೆ ಕೂತವರಿಗೆ 100 ಮಿಲಿಸೆಕೆಂಡ್ ತಡ. ಅವರು ತೊಡೆ ತಟ್ಟಿ ಸುಮ್ನೆ ತಾಳ ಹಾಕುತ್ತಿರಬಹುದು, ಅವರ ತಾಳವನ್ನು ವೇದಿಕೆ ಕೇಳಿಸಿಕೊಳ್ಳಬೇಕಾಗಿಲ್ಲ. ಪಕ್ಕವಾದ್ಯದವಳಿಗೆ ಆ ಸೌಕರ್ಯ ಇಲ್ಲ.

ಊರೊಳಗೇ ಆದರೆ ದಾರಿ ಇದೆ. ನಮ್ಮ ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಗೆಳತಿ ಪಿಟೀಲು ನುಡಿಸುತ್ತಾಳೆ. ಅವಳು ಮಲ್ಲೇಶ್ವರದಲ್ಲಿ, ನಾನು ಬನಶಂಕರಿಯಲ್ಲಿ. ಇಂಟರ್ನೆಟ್‌ನಲ್ಲಿ ಒಟ್ಟಿಗೆ ನುಡಿಸಲೆಂದೇ ಜಮುಲಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ಕಾಸು ಕೊಡಬೇಕಾಗಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಜ್ಯಾಕ್‌ಟ್ರಿಪ್ ಕೂಡ ಇದೇ ಕೆಲಸಕ್ಕೆ. ಈ ಎರಡೂ, ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್‌ಗಾಗಿ ಕಾಯುವುದಿಲ್ಲ, ಬಿಟ್ಟು ಮುಂದೆ ಹೋಗುತ್ತವೆ. ವೈಫೈ ಬಿಟ್ಟು ಕೇಬಲ್ ಚುಚ್ಚಿದೆವು. ಬ್ಲೂಟೂತ್ ಹೆಡ್‌ಫೋನ್ ಎತ್ತಿಟ್ಟೆವು, ಅದೊಂದೇ 100ಕ್ಕಿಂತ ಜಾಸ್ತಿ ತಡ ಮಾಡಬಲ್ಲದು. ಎಲ್ಲ ಸೇರಿ 30 ಮಿಲಿಸೆಕೆಂಡ್‌ಗೆ ಇಳಿಯಿತು. ಆ ದಿನ ಪಿಟೀಲಿನ ಜೊತೆ ಒಂದು ಇಡೀ ವರ್ಣ ನುಡಿಸಿದೆ. ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಇಬ್ಬರೂ ಒಟ್ಟಿಗೆ ಬಂದು ಬಿದ್ದಾಗ ಕಣ್ಣು ತುಂಬಿ ಬಂತು.

ಆದರೆ ನನಗೆ ಬೇಕಾಗಿದ್ದು ಅಕ್ಕ.

ದಾರಿ ತೋರಿಸಿದ್ದು ಮೇಷ್ಟ್ರ ಪಾಠವೇ. "ಬಾಯಲ್ಲಿ ಬರದಿದ್ದು ಕೈಗೆ ಬರಲ್ಲ" ಅನ್ನುತ್ತಿದ್ದ ಅವರು ಪ್ರತಿ ಪಾಠವನ್ನೂ ಮೊದಲು ಬಾಯಲ್ಲಿ ಹೇಳಿಸುತ್ತಿದ್ದರು. ಜಗಲಿಯಲ್ಲಿ ಹೂ ಕಟ್ಟುತ್ತಾ ಕೂತ ಅಕ್ಕನಿಗೂ ನನ್ನ ಪಾಠಗಳೆಲ್ಲ ಬಾಯಿಪಾಠ ಆಗಿದ್ದವು. ಹಾಗಾಗಿ ಈಗ ಅಕ್ಕ ಮೃದಂಗದ ಅಕ್ಷರಗಳನ್ನು ಬಾಯಲ್ಲೇ, ಅಂದರೆ ಕೊನ್ನಕೋಲಾಗಿ, ಹೇಳುತ್ತಾಳೆ, ನಾನು ಮೃದಂಗದಲ್ಲಿ ಉತ್ತರ ಕೊಡುತ್ತೇನೆ. ಕಛೇರಿಯಲ್ಲಿ ತಾಳವಾದ್ಯಗಳಿಗೇ ಬಿಡುವ ತನಿ ಆವರ್ತನದಲ್ಲಿ ಮೃದಂಗಕ್ಕೂ ಘಟಕ್ಕೂ ನಡೆಯುತ್ತದಲ್ಲ, ಹಾಗೆ. ಅವಳು ಹೇಳುವಾಗ ನಾನು ಬರೀ ಕೇಳುತ್ತೇನೆ. ಇಬ್ಬರೂ ಒಟ್ಟಿಗೆ ಸದ್ದು ಮಾಡಬೇಕಾಗಿಲ್ಲ, ಆದ್ದರಿಂದ ಯಾರೂ ಯಾರನ್ನೂ ಎಳೆಯುವುದಿಲ್ಲ. ಎರಡು ಆವರ್ತ (ತಾಳದ ಎಂಟು ಎಣಿಕೆಯ ಸುತ್ತು) ಅವಳು, ಎರಡು ಆವರ್ತ ನಾನು. ಕೈ ಬದಲಾಗುವಾಗ ಇರುವ ಸಣ್ಣ ಸಂದು ಉಸಿರು ತೆಗೆದುಕೊಂಡ ಹಾಗೆ ಕೇಳಿಸುತ್ತದೆ. ಆಮೇಲೆ ಒಂದೊಂದು ಆವರ್ತ. ಆಮೇಲೆ ಅರ್ಧ, ಅಂದರೆ ನಾಲ್ಕು ಎಣಿಕೆ. ಅಲ್ಲಿಗೆ ಸಂದು ಎದ್ದು ಕಾಣತೊಡಗುತ್ತದೆ. ಎರಡು ಎಣಿಕೆಗೆ ಇಳಿದರೆ ಮುರಿದೇಹೋಗುತ್ತದೆ. ಅದಕ್ಕೇ ನಾವು ನಾಲ್ಕಕ್ಕೆ ನಿಲ್ಲಿಸುತ್ತೇವೆ.

ಕೊನೆಯ ಮುಕ್ತಾಯ ಮಾತ್ರ ನನ್ನದು. ಅಕ್ಕ ಮೈಕ್ ಮ್ಯೂಟ್ ಮಾಡಿ, ತನಗೆ ಕೇಳಿಸಿದ ಹಾಗೆ ತಾಳ ಹಾಕುತ್ತಾ ಕೂರುತ್ತಾಳೆ. ನಾನು ಪರದೆ ನೋಡುವುದಿಲ್ಲ, ನೋಡಿದರೆ ಕೈ ತಪ್ಪುತ್ತದೆ. ತ-ದಿ-ಗಿ-ನ-ತೋಂ, ತ-ದಿ-ಗಿ-ನ-ತೋಂ, ತ-ದಿ-ಗಿ-ನ-ತೋಂ ಅಂತ ಮೂರು ಸಲ ನುಡಿಸಿ ಸಮಕ್ಕೆ ಬಂದು ನಿಲ್ಲಿಸುತ್ತೇನೆ. ಆಗ ತಲೆ ಎತ್ತುತ್ತೇನೆ. ಪರದೆಯಲ್ಲಿ ಅಕ್ಕನ ಕೈ ಇನ್ನೂ ಮೇಲೇ ಇರುತ್ತದೆ. ಅದು ತೊಡೆಯ ಮೇಲೆ ಬೀಳುವವರೆಗೂ ನಾನು ಮೃದಂಗದಿಂದ ಕೈ ತೆಗೆಯುವುದಿಲ್ಲ.