ಬಾರ್ಶಿ ಜ್ವರ ಬ್ಯಾರೆ, ನಮ್ಮ 2006ರ ಜ್ವರ ಬ್ಯಾರೆ

2006ರಾಗ ಕಲಬುರಗಿ ಕಡೆ ಇದ್ದೋರಿಗೆ ಚಿಕುನ್‌ಗುನ್ಯಾ ಅಂದ್ರ ಏನಂತ ಬಿಡಿಸಿ ಹೇಳೋದು ಬ್ಯಾಡ. ಮನಿಗೆ ಇಬ್ರು ಮೂವರು ಹಾಸಗಿ ಹಿಡದಿದ್ರು, ಜ್ವರ ಏನೋ ನಾಕು ದಿನಕ್ಕ ಇಳೀತು ಆದ್ರ ಮೊಣಕಾಲು, ಹಿಮ್ಮಡ, ಬೆರಳಿನ ಗಂಟು ತಿಂಗಳಗಟ್ಲೆ ಬಿಡಲಿಲ್ಲ, ನಮ್ಮ ಆಯಿಗಂತೂ ರೊಟ್ಟಿ ಬಡೀಲಿಕ್ಕೇ ಆಗ್ತಿರಲಿಲ್ಲ. ಆ ವರ್ಷ ದೇಶದಾಗ ಸುಮಾರು 13.9 ಲಕ್ಷ ಶಂಕಿತ ಕೇಸು, ಅದರಾಗ 7.5 ಲಕ್ಷ ಬರೇ ಕರ್ನಾಟಕದ್ದು.

ಹಿರೇರು ಆವಾಗ ಒಂದು ಮಾತು ಅಂತಿದ್ರು, ಇದು ಹಿಂದ ಸೊಲ್ಲಾಪುರ ಕಡೆ ಬಂದಿದ್ದ ಜ್ವರಾನೇ ತಿರಗಿ ಬಂದದ ಅಂತ. 1973ರಾಗ ಸೊಲ್ಲಾಪುರ ಜಿಲ್ಲಾದ ಬಾರ್ಶಿಯೊಳಗ ಚಿಕುನ್‌ಗುನ್ಯಾ ಬಂದಿದ್ದು ಖರೇನೇ. ಆದ್ರ ಅದೇ ವೈರಸ್ ತಿರಗಿ ಬಂತೇನು? ಇದಕ್ಕ ಉತ್ತರ ಸಿಕ್ಕಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಾಗ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರದ ರೋಗಿಗಳ ರಕ್ತದಿಂದ ವೈರಸ್ ತಗದು ಅದರ ಜೀನ್ ಓದಿ ಹಳೇ ವೈರಸ್ ಜೋಡಿ ಹೋಲಿಸಿ ನೋಡಿದ್ರ, 1963ರ ಕಲ್ಕತ್ತಾದ್ದು, 1973ರ ಬಾರ್ಶಿದ್ದು ಏಷ್ಯಾ ವಂಶದ ವೈರಸ್, 2005-06ರದ್ದು ಪೂರ್ವ-ಮಧ್ಯ-ದಕ್ಷಿಣ ಆಫ್ರಿಕಾ ವಂಶದ್ದು. ಅಂದ್ರ ಹಳೇದು ಎದ್ದು ಬಂದಿದ್ದಲ್ಲ. 2004ರಾಗ ಕೀನ್ಯಾ ಕರಾವಳಿಯಾಗ ಶುರು ಆಗಿ ಹಿಂದೂ ಮಹಾಸಾಗರದ ದ್ವೀಪಗಳಾಗ ಹಬ್ಬಿತ್ತಲ್ಲ, ಅದೇ ಸಾಲಿನ ವೈರಸ್ ಹೊಸದಾಗಿ ನಮ್ಮ ಕಡೆ ಬಂದಿತ್ತು.

ಇದನ್ನ ಹೆಂಗ ಗುರುತು ಹಿಡೀತಾರ ಅಂದ್ರ, ಈ ವೈರಸ್ಸಿನ ಜೀನೋಮ್ ಒಂದು ಆರ್‌ಎನ್‌ಎ ಎಳಿ, ಸುಮಾರು 11,800 ಅಕ್ಷರ. ಮೊದಲ ಅದನ್ನ ಡಿಎನ್‌ಎ ರೂಪಕ್ಕ ತರ್ತಾರ, ಪಿಸಿಆರ್ ಮಾಡಿ ಹೆಚ್ಚಿಸ್ತಾರ, ಆಮ್ಯಾಲೆ ಅಕ್ಷರ ಅಕ್ಷರ ಓದಿ ಬ್ಯಾರೆ ಊರು, ಬ್ಯಾರೆ ವರ್ಷದ ವೈರಸ್ ಜೋಡಿ ಹೋಲಿಸ್ತಾರ. ವೈರಸ್ ತನ್ನ ನಕಲು ಮಾಡ್ಕೊಳ್ಳೋವಾಗ ತಪ್ಪಾಗ್ತಾವ. ನಮ್ಮ ಕಡೆ ತತ್ವಪದ ಒಬ್ಬರ ವಹಿ ನೋಡಿ ಇನ್ನೊಬ್ಬರು ಬರ್ಕೋತಾರಲ್ಲ, ಮೊದಲಿನ ವಹಿಯಾಗ ಒಂದಕ್ಷರ ತಪ್ಪಿದ್ರ ಮುಂದಿನ ವಹಿಗಳಾಗೂ ಅದೇ ತಪ್ಪು ಬರ್ತದ, ಹಂಗೇ ಇದು, ಒಂದೇ ತಪ್ಪು ಇದ್ದವ್ರು ಒಂದೇ ವಂಶ.

ಇನ್ನೊಂದು ವಿಷಯ ನನಗ ಭಾಳ ಮುಖ್ಯ ಅನಸ್ತದ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಾಗ 2005-06ರಾಗ ಮೂರರಾಗ ಒಬ್ಬರಿಗೆ ಈ ಜ್ವರ ಬಂದಿತ್ತು. ಅಲ್ಲಿ ವೈರಸ್ಸಿನ ಹೊರಗಿನ ಇ1 ಪ್ರೋಟೀನಿನ 226ನೇ ಜಾಗಾದಾಗ ಅಲನಿನ್ ಅನ್ನೋ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಅನ್ನೋದು ಬಂದಿತ್ತು, ಜೀನಿನಾಗ ಬರೇ ಒಂದಕ್ಷರದ ಫರಕು, ಆದ್ರ ಅಷ್ಟಕ್ಕೇ ಏಡಿಸ್ ಆಲ್ಬೊಪಿಕ್ಟಸ್ ಅನ್ನೋ ಸೊಳ್ಳಿ ಈ ವೈರಸ್ಸನ್ನ ಸರಾಗ ಹಬ್ಬಿಸ್ತು. 2007ರಾಗ ಕೇರಳದಾಗೂ ಈ ಬದಲಾವಣೆ ಸಿಕ್ತು, ಅಲ್ಲಿ ರಬ್ಬರ್ ತೋಟ, ಆಲ್ಬೊಪಿಕ್ಟಸ್ ಭಾಳ. ಆದ್ರ 2006ರಾಗ ನಮ್ಮ ಕಡೆ ಹಬ್ಬಿದ ವೈರಸ್ಸಿನಾಗ ಆ ಬದಲಾವಣೆ ಇರಲಿಲ್ಲ! ನಮ್ಮನ್ನ ಮಲಗಿಸಲಿಕ್ಕ ಹೊಸ ಸೊಳ್ಳಿ ಬೇಕಾಗಿರಲಿಲ್ಲ, ಮನ್ಯಾಗಿನ ಏಡಿಸ್ ಈಜಿಪ್ಟೈನೇ ಸಾಕಾಯ್ತು, ಅದು ಹಗಲೊತ್ತು ಕಡಿಯೋದು, ನಮ್ಮ ಡ್ರಮ್ಮು, ನೀರಿನ ತೊಟ್ಟಿ, ಕೂಲರ್ ನೀರಾಗೇ ಹುಟ್ಟೋದು.

ಇಲ್ಲಿ ಬರೇ ಜನರನ್ನ ಬೈಯೋದು ನನಗ ಒಪ್ಪಿಗಿಲ್ಲ. ನಳ ನಾಕೈದು ದಿನಕ್ಕೊಮ್ಮೆ ಬಂದ್ರ ಯಾರರೆ ನೀರು ತುಂಬಿಟ್ಕೋಲಾರದೆ ಇರ್ತಾರೇನು? ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡ್ರಿ, ಒಳಗಿನ ಗ್ವಾಡಿ ತಿಕ್ಕಿ ತೊಳೀರಿ ಅಂತ ಹೇಳೋದು ಸರಿನೇ, ಯಾಕಂದ್ರ ತತ್ತಿ ಗ್ವಾಡಿಗೆ ಅಂಟ್ಕೊಂಡು ನೀರಿಲ್ಲದೇನೂ ತಿಂಗಳಗಟ್ಲೆ ತಡೀತಾವ, ಆದ್ರ ಅದರ ಜೋಡಿ ನಳಾನೂ ದಿನಾ ಬರಬೇಕು.

ಮತ್ತ ಜ್ವರ ಬಂದೋರಿಗೊಂದು ಮಾತು. ವೈರಸ್ ರಕ್ತದಾಗ ಸಿಗೋದು ಮೊದಲಿನ ಐದಾರು ದಿನ ಅಷ್ಟೇ, ಆಮ್ಯಾಲೆ ಮಾಡೋ ಆ್ಯಂಟಿಬಾಡಿ ಟೆಸ್ಟಿನಾಗ ಚಿಕುನ್‌ಗುನ್ಯಾ ಅಂತ ತಿಳೀತದ, ಯಾವ ವಂಶದ್ದು, ಏನು ಬದಲಾಗ್ಯದ ಅಂತ ತಿಳಿಯಂಗಿಲ್ಲ. ನಮ್ಮ ಕಡೆ ಮೊದಲ ಓಣಿ ಡಾಕ್ಟರ್ ಹತ್ರ ನೋವಿನ ಇಂಜೆಕ್ಷನ್ ಮಾಡಿಸ್ಕೊಂಡು, ಗಂಟು ಹಿಡಕೊಂಡ ಮ್ಯಾಲೆ ದೊಡ್ಡ ದವಾಖಾನಿಗೆ ಹೋಗ್ತೀವಿ, ಅಷ್ಟೊತ್ತಿಗೆ ವೈರಸ್ ಹೋಗಿರ್ತದ. ಡೆಂಗಿ ಅಲ್ಲ ಅಂತ ಖಾತ್ರಿ ಆಗೋತನಾ ಆ ನೋವಿನ ಇಂಜೆಕ್ಷನ್ನೂ ಬ್ಯಾಡ್ರಿ, ರಕ್ತಸ್ರಾವದ ಭಯ ಇರ್ತದ, ಪ್ಯಾರಾಸಿಟಮಾಲ್ ಸಾಕು. ಜ್ವರ ಬಂದ ಎರಡು ಮೂರು ದಿನದಾಗ ಸರಕಾರಿ ದವಾಖಾನಿಗೆ ಹೋಗಿ ರಕ್ತ ಕೊಡ್ರಿ, ಪಿಸಿಆರ್‌ಗೆ ಕಳಸ್ತೀರೇನು ಅಂತ ಕೇಳ್ರಿ, ಕೇಳೋದ್ರಾಗ ತಪ್ಪೇನಿಲ್ಲ.